ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನ್: ಸೌಂಡ್ ಚೆನ್ನಾಗಿದೆಯೋ ಇಲ್ಲವೋ ನಾವೇ ತಿಳಿಯುವುದು ಹೇಗೆ?

ಪ್ರಶ್ನೆ: ದಾವಣಗೆರೆಯ ಎಂಸಿಸಿ ಬಿ ಬ್ಲಾಕ್‌ನಲ್ಲಿ ನಮ್ಮ ಮನೆ. ಮನೆಯಿಂದಲೇ ಆಫೀಸ್ ಕೆಲಸ. ಆಗಾಗ ಬೆಂಗಳೂರಿಗೆ ಬಸ್ಸಿನಲ್ಲಿ ಹೋಗಿಬರುತ್ತೇನೆ. ಹೊರಗಿನ ಗದ್ದಲ ತಗ್ಗಿಸುವ ವೈರ್‌ಲೆಸ್ ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನ್ ತಗೊಳ್ಳೋಣ ಅಂತ ಅಂಗಡಿಯಲ್ಲಿ ಎರಡು ಮಾಡೆಲ್ ಕೇಳಿ ನೋಡಿದೆ. ಒಂದರಲ್ಲಿ ಬೇಸ್ ಜೋರಾಗಿತ್ತು, ಕೇಳಿದ ಕೂಡಲೇ ಇಷ್ಟವಾಯಿತು. ಇನ್ನೊಂದು ಸಪ್ಪೆ ಅನ್ನಿಸಿತು. ಗೆಳೆಯನೊಬ್ಬ ‘ಬ್ಲೂಟೂತ್‌ಗೆ ಎಲ್‌ಡಿಎಸಿ ಇರೋದನ್ನೇ ತಗೋ, ಉಳಿದದ್ದು ನೋಡಬೇಡ’ ಅನ್ನುತ್ತಾನೆ. ನಾನು ಜಾಸ್ತಿ ಕೇಳುವುದು ವಚನ ಗಾಯನ, ಹಿಂದೂಸ್ತಾನಿ, ಹಳೆಯ ಸಿನಿಮಾ ಹಾಡು. ಕನ್ನಡಕ ಹಾಕುತ್ತೇನೆ. ಸೌಂಡ್ ನಿಜಕ್ಕೂ ಚೆನ್ನಾಗಿದೆಯೋ ಇಲ್ಲವೋ ಅಂತ ನಾನೇ ತಿಳಿದುಕೊಳ್ಳುವುದು ಹೇಗೆ?

ಉತ್ತರ: ಕನ್ನಡಕದ ವಿಷಯವನ್ನು ನೀವು ಕೊನೆಯಲ್ಲಿ ಹೇಳಿದ್ದೀರಿ. ನಾನು ಅಲ್ಲಿಂದಲೇ ಶುರು ಮಾಡುತ್ತೇನೆ. ಆ ಎರಡನೇ ಹೆಡ್‌ಫೋನ್ ಸಪ್ಪೆ ಅನ್ನಿಸಿದ್ದಕ್ಕೆ ನಿಮ್ಮ ಕನ್ನಡಕದ ಕಡ್ಡಿಯೂ ಕಾರಣವಾಗಿರಬಹುದು.

ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನ್‌ನಲ್ಲಿ ಮೆತ್ತನೆಯ ಕುಶನ್ ಇರುತ್ತದೆ. ಅದು ಕಿವಿಯ ಸುತ್ತ ಗಾಳಿಯಾಡದ ಹಾಗೆ ಕೂರಬೇಕು. ಕನ್ನಡಕದ ಕಡ್ಡಿ ಕುಶನ್ನಿನ ಕೆಳಗೆ ಹಾದುಹೋಗುವ ಕಡೆ ಸಣ್ಣದೊಂದು ಸಂದು ಬೀಳುತ್ತದೆ. ಸಂದು ಇದ್ದರೆ ಮೊದಲು ಸೋರಿಹೋಗುವುದು ಬೇಸ್. ಹೊರಗಿನ ಗದ್ದಲ ಒಳಗೆ ಬರುವುದೂ ಅದೇ ದಾರಿಯಲ್ಲಿ. ಹಾಗಾಗಿ ಒಂದೇ ಹೆಡ್‌ಫೋನ್ ನಿಮ್ಮ ತಲೆಯ ಮೇಲೆ ಒಂದು ಥರ, ನಿಮ್ಮ ಗೆಳೆಯನ ತಲೆಯ ಮೇಲೆ ಇನ್ನೊಂದು ಥರ ಕೇಳಿಸುತ್ತದೆ. ಗಡ್ಡ, ಉದ್ದ ಕೂದಲು, ದೊಡ್ಡ ಓಲೆ ಇದ್ದವರಿಗೂ ಇದೇ ತೊಂದರೆ.

ಇದನ್ನು ಅಂಗಡಿಯಲ್ಲೇ ಪರೀಕ್ಷೆ ಮಾಡಬಹುದು. ಡಗ್ಗಾ, ಅಂದರೆ ತಬಲಾ ಜೋಡಿಯಲ್ಲಿ ಎಡಗೈಯಿಂದ ನುಡಿಸುವ ದಪ್ಪ ಸದ್ದಿನ ವಾದ್ಯ, ಚೆನ್ನಾಗಿ ಕೇಳಿಸುವ ಒಂದು ತಬಲಾ ಸೋಲೋ ಹಾಕಿ. ಕನ್ನಡಕ ಹಾಕಿಕೊಂಡೇ ಹೆಡ್‌ಫೋನ್ ಹಾಕಿ. ಈಗ ಕಿವಿ ಮುಚ್ಚುವ ಎರಡೂ ಕಡೆಯ ಕಪ್‌ಗಳನ್ನು ಅಂಗೈಯಿಂದ ಮೆಲ್ಲಗೆ ತಲೆಗೆ ಒತ್ತಿ. ಒತ್ತಿದ ತಕ್ಷಣ ಡಗ್ಗಾದ ಸದ್ದು ದಪ್ಪವಾಗಿ ಎದ್ದು ಬಂತಾ? ಹಾಗಾದರೆ ಒತ್ತದಿದ್ದಾಗ ಬೇಸ್ ಸೋರುತ್ತಿತ್ತು ಅಂತ ಅರ್ಥ. ಏನೂ ಬದಲಾಗದಿದ್ದರೆ ಕುಶನ್ ಸರಿಯಾಗಿ ಕೂತಿದೆ. ಆಮೇಲೆ ಕನ್ನಡಕ ತೆಗೆದು ಇನ್ನೊಮ್ಮೆ ಹೀಗೇ ಮಾಡಿ. ನಾಯ್ಸ್ ಕ್ಯಾನ್ಸಲಿಂಗ್ ಆನ್ ಮಾಡಿ ಒಮ್ಮೆ, ಆಫ್ ಮಾಡಿ ಒಮ್ಮೆ ನೋಡಿ. ಕೆಲವು ಮಾಡೆಲ್‌ಗಳಲ್ಲಿ ಕಪ್‌ನ ಒಳಗಿನ ಮೈಕ್ ಬೇಸ್ ಎಷ್ಟು ಸೋರಿತು ಅಂತ ತಾನೇ ಗಮನಿಸಿ ಸ್ವಲ್ಪ ತುಂಬಿಕೊಡುತ್ತದೆ. ಅಂಥ ಮಾಡೆಲ್ ಕನ್ನಡಕದವರಿಗೆ ಬಹಳ ಅನುಕೂಲ. ಕಡ್ಡಿ ತೆಳ್ಳಗಿರುವ ಫ್ರೇಮ್ ಇದ್ದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ.

ಈಗ ಮುಖ್ಯ ವಿಷಯ. ಇಂಥ ಹೆಡ್‌ಫೋನ್‌ಗೆ ಒಂದೇ ಸೌಂಡ್ ಇರುವುದಿಲ್ಲ. ನಾಯ್ಸ್ ಕ್ಯಾನ್ಸಲಿಂಗ್, ಅಂದರೆ ಎಎನ್‌ಸಿ, ಆನ್ ಇದ್ದಾಗ ಒಂದು ಥರ. ಆಫ್ ಇದ್ದಾಗ ಇನ್ನೊಂದು ಥರ. ಬ್ಯಾಟರಿ ಮುಗಿದು ವೈರ್ ಚುಚ್ಚಿ ಕೇಳಿದರೆ ಮತ್ತೊಂದು ಥರ. ಒಳಗಿರುವ ಚಿಪ್ ಸದ್ದನ್ನು ತಿದ್ದಿ ಹದಮಾಡಿ ಕೊಡುತ್ತಿರುತ್ತದೆ. ಪವರ್ ಇಲ್ಲದಾಗ ಆ ತಿದ್ದುಪಡಿ ಇರುವುದಿಲ್ಲ, ಹಾಗಾಗಿ ಬಹಳ ಮಾಡೆಲ್‌ಗಳು ಆಗ ಮಂಕಾಗಿ ಕೇಳಿಸುತ್ತವೆ. ನೀವು ತೂಗಿ ನೋಡಬೇಕಾದದ್ದು ಒಂದೇ ಒಂದು ಸೌಂಡ್: ಎಎನ್‌ಸಿ ಆನ್ ಇದ್ದಾಗ, ನಿಮ್ಮ ತಲೆಯ ಮೇಲೆ, ನೀವು ದಿನಾ ಕೇಳುವ ಜಾಗದಲ್ಲಿ ಬರುವ ಸೌಂಡ್. ದುಡ್ಡು ಕೊಡುತ್ತಿರುವುದು ಅದಕ್ಕೇ ಅಲ್ವಾ?

ಎಎನ್‌ಸಿ ಏನು ಮಾಡುತ್ತದೆ ಅಂತ ಗೊತ್ತಿದ್ದರೆ ಮುಂದಿನದ್ದು ಸುಲಭ. ಹೊರಗಿನ ಸದ್ದನ್ನು ಮೈಕ್ ಹಿಡಿಯುತ್ತದೆ. ಆ ಅಲೆಯ ಉಬ್ಬು ಇರುವಲ್ಲಿ ತಗ್ಗು, ತಗ್ಗು ಇರುವಲ್ಲಿ ಉಬ್ಬು ಬರುವಂಥ ಎದುರು ಅಲೆಯನ್ನು ಚಿಪ್ ತಯಾರು ಮಾಡುತ್ತದೆ. ಸ್ಪೀಕರ್ ಅದನ್ನು ಹಾಡಿನ ಜೊತೆಗೇ ಬಿಡುತ್ತದೆ. ಎರಡೂ ಸೇರಿ ಗದ್ದಲ ಕಡಿಮೆಯಾಗುತ್ತದೆ. ಈ ತತ್ವಕ್ಕೆ ಪೌಲ್ ಲುಯೆಗ್ ಎಂಬ ಜರ್ಮನ್ ವಿಜ್ಞಾನಿಗೆ 1936ರಲ್ಲೇ ಅಮೆರಿಕದ ಪೇಟೆಂಟ್ ಸಿಕ್ಕಿತ್ತು. ಅದನ್ನು ತಲೆಯ ಮೇಲೆ ಹಾಕುವ ಸಾಮಾನು ಮಾಡಲು ಹಟ ಹಿಡಿದವರು ಅಮರ್ ಬೋಸ್. ಅವರ ತಂದೆ ಬಂಗಾಳದಿಂದ ಅಮೆರಿಕಕ್ಕೆ ಹೋದವರು. 1978ರಲ್ಲಿ ವಿಮಾನದಲ್ಲಿ ಕೂತಿದ್ದಾಗ ಎಂಜಿನ್ ಗದ್ದಲದಲ್ಲಿ ಹೆಡ್‌ಫೋನ್‌ನ ಹಾಡು ಕೇಳಿಸದೆ ಬೇಸತ್ತು, ಅಲ್ಲೇ ಲೆಕ್ಕ ಹಾಕಲು ಶುರುಮಾಡಿದರು. ಬೋಸ್ ಕಂಪನಿಯ ಮೊದಲ ಹೆಡ್‌ಸೆಟ್ ಪೈಲಟ್‌ಗಳಿಗಾಗಿ 1989ರಲ್ಲಿ ಬಂತು. ವಿಮಾನದ ಎಂಜಿನ್ನಿಗಾಗಿ ಹುಟ್ಟಿದ ತಂತ್ರ ಇದು. ಇವತ್ತಿಗೂ ಇದು ಚೆನ್ನಾಗಿ ತಡೆಯುವುದು ಒಂದೇ ಸಮನೆ ಬರುವ ದಪ್ಪ ಗುಂಯ್ ಸದ್ದನ್ನು. ಬಸ್ಸಿನ ಎಂಜಿನ್, ಫ್ಯಾನ್, ಎಸಿ, ರೈಲಿನ ಗಡಗಡ. ಸುಮಾರು 1,000 ಹರ್ಟ್ಸ್‌ಗಿಂತ (ಸೆಕೆಂಡಿಗೆ 1,000 ಕಂಪನ) ಮೇಲಿನ ಸದ್ದಿಗೆ ಎದುರು ಅಲೆ ಕಟ್ಟುವುದು ಕಷ್ಟ. ಅದನ್ನು ತಡೆಯುವುದು ಕುಶನ್ನೇ. ಹಾಗಾಗಿ ಅಡುಗೆಮನೆಯ ಪಾತ್ರೆ ಸದ್ದು, ಪಕ್ಕದ ಸೀಟಿನವರ ಮಾತು, ಪಿ.ಬಿ. ರಸ್ತೆಯ ಹಾರ್ನ್ ಪೂರ್ತಿ ಮಾಯವಾಗಲಿಲ್ಲ ಅಂತ ಹೆಡ್‌ಫೋನ್ ಕೆಟ್ಟದ್ದು ಅಂದುಕೊಳ್ಳಬೇಡಿ.

ಇದಕ್ಕೂ ಸೌಂಡ್ ಕ್ವಾಲಿಟಿಗೂ ಏನು ಸಂಬಂಧ ಅಂತೀರಾ? ಬಹಳ ಇದೆ. ದಪ್ಪ ಗದ್ದಲ ಇದ್ದ ಕಡೆ ಹಾಡಿನ ದಪ್ಪ ಸ್ವರಗಳೇ ಮೊದಲು ಮುಳುಗುತ್ತವೆ. ಮನೆಯಲ್ಲಿ ಅದ್ಭುತವಾಗಿ ಕೇಳಿಸುವ ವೈರ್ ಹೆಡ್‌ಫೋನ್ ಹಿರಿಯೂರು, ಶಿರಾ ದಾರಿಯಲ್ಲಿ ಬಸ್ಸಿನ ಹಿಂದಿನ ಸೀಟಿನಲ್ಲಿ ತೆಳ್ಳಗೆ, ಬರೀ ಕೀಚಲಾಗಿ ಕೇಳಿಸುವುದು ಇದಕ್ಕೇ. ಜನ ಆಗ ವಾಲ್ಯೂಮ್ ಏರಿಸುತ್ತಾರೆ. ಬೇಸ್ ಬರುವಷ್ಟು ಏರಿಸುವ ಹೊತ್ತಿಗೆ ದನಿ ಕಿವಿಗೆ ಬಡಿಯುತ್ತಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ವಾರಕ್ಕೆ 40 ಗಂಟೆ, 80 ಡೆಸಿಬಲ್ ಅನ್ನುವುದನ್ನು ಮಿತಿಯಾಗಿ ಹೇಳಿದೆ. 90 ಡೆಸಿಬಲ್ ಆದರೆ ವಾರಕ್ಕೆ 4 ಗಂಟೆ ಮಾತ್ರ. ಒಂದು ಸಲ ಬೆಂಗಳೂರಿಗೆ ಹೋಗುವಷ್ಟರಲ್ಲೇ ವಾರದ ಪಾಲು ಖರ್ಚಾಗುತ್ತದೆ. ಒಳ್ಳೆಯ ಎಎನ್‌ಸಿ ಇದ್ದರೆ ಕಡಿಮೆ ವಾಲ್ಯೂಮ್‌ನಲ್ಲೇ ಡಗ್ಗಾ, ತಂಬೂರಿ ಎಲ್ಲ ಕೇಳಿಸುತ್ತವೆ. ಓಡಾಡುವವರಿಗೆ ಎಎನ್‌ಸಿ ಚೆನ್ನಾಗಿಲ್ಲದ ಹೆಡ್‌ಫೋನ್‌ನಲ್ಲಿ ಸೌಂಡ್ ಕ್ವಾಲಿಟಿ ಹುಡುಕುವುದರಲ್ಲಿ ಅರ್ಥವಿಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಅಂಗಡಿಯಲ್ಲಿ ಬೇಸ್ ಜೋರಾಗಿದ್ದದ್ದು ಕೂಡಲೇ ಇಷ್ಟವಾಯಿತು ಅಂದಿರಿ. ಎಲ್ಲರಿಗೂ ಹಾಗೇ ಆಗುತ್ತದೆ. ಎರಡು ಹೆಡ್‌ಫೋನ್‌ಗಳಲ್ಲಿ ಯಾವುದು ಸ್ವಲ್ಪ ಜೋರಾಗಿದೆಯೋ ಅದೇ ಚೆನ್ನಾಗಿದೆ ಅಂತ ಕಿವಿಗೆ ಅನ್ನಿಸುತ್ತದೆ. ಒಂದು ಡೆಸಿಬಲ್ ವ್ಯತ್ಯಾಸ ಇದ್ದರೂ ಸಾಕು. ಅದು ‘ಜೋರು’ ಅಂತ ಗೊತ್ತಾಗುವುದೇ ಇಲ್ಲ, ‘ತುಂಬಿಕೊಂಡಿದೆ’, ‘ಸ್ಪಷ್ಟವಾಗಿದೆ’ ಅಂತ ಗೊತ್ತಾಗುತ್ತದೆ. ಮೆಲ್ಲಗಿನ ವಾಲ್ಯೂಮ್‌ನಲ್ಲಿ ನಮ್ಮ ಕಿವಿ ದಪ್ಪ ಸ್ವರಗಳನ್ನು ಕಡಿಮೆ ಹಿಡಿಯುತ್ತದೆ, ಏರಿಸಿದಂತೆ ಜಾಸ್ತಿ ಹಿಡಿಯುತ್ತದೆ. ಫ್ಲೆಚರ್ ಮತ್ತು ಮನ್ಸನ್ ಎಂಬ ಅಮೆರಿಕದ ವಿಜ್ಞಾನಿಗಳು ಇದನ್ನು 1933ರಲ್ಲೇ ಅಳೆದು ತೋರಿಸಿದ್ದಾರೆ. ಹಾಗಾಗಿ ಎರಡು ಹೆಡ್‌ಫೋನ್ ಹೋಲಿಸುವ ಮೊದಲು ಎರಡರ ಜೋರನ್ನೂ ಸಮ ಮಾಡಬೇಕು. ಬೇಸ್ ನೋಡಿ ಸಮ ಮಾಡಬೇಡಿ, ಹಾಡುವವರ ದನಿ ನೋಡಿ ಸಮ ಮಾಡಿ. ಒಂದೇ ಸಾಲು, ಒಂದೇ ದನಿ, ಎರಡರಲ್ಲೂ ಅಷ್ಟೇ ಹತ್ತಿರದಿಂದ ಕೇಳಿಸುವ ಹಾಗೆ ವಾಲ್ಯೂಮ್ ಇಟ್ಟುಕೊಳ್ಳಿ. ಮನೆಯವರೊಬ್ಬರು ಜೊತೆಗೆ ಬಂದರೆ ವಾಲ್ಯೂಮ್ ಅವರ ಕೈಗೆ ಕೊಡಿ. ಬೆಲೆ ನೋಡದೆ ಕೇಳಿ. ಸಮ ಮಾಡಿದ ಮೇಲೆ ಆ ‘ಸಪ್ಪೆ’ ಹೆಡ್‌ಫೋನೇ ನಿಮಗೆ ಇಷ್ಟವಾದರೆ ನನಗೆ ಆಶ್ಚರ್ಯವಾಗುವುದಿಲ್ಲ.

ಅಂಗಡಿಯ ಡೆಮೊ ಪೀಸಿನ ಬಗ್ಗೆಯೂ ಹುಷಾರಾಗಿರಿ. ಹಿಂದೆ ಕೇಳಿದವರು ಆ್ಯಪ್‌ನಲ್ಲಿ ಬೇಸ್ ಏರಿಸಿಟ್ಟು ಹೋಗಿರುತ್ತಾರೆ. ಆ ಸೆಟ್ಟಿಂಗ್ ಹೆಡ್‌ಫೋನ್ ಒಳಗೇ ಉಳಿಯಬಹುದು. ಅಂಗಡಿಯವರಿಗೆ ಹೇಳಿ ನಿಮ್ಮ ಫೋನಿಗೇ ಜೋಡಿಸಿಕೊಳ್ಳಿ. ಇಕ್ವಲೈಜರ್ (ಸ್ವರಗಳನ್ನು ಏರಿಸಿ ಇಳಿಸುವ ಸೆಟ್ಟಿಂಗ್) ಆಫ್ ಮಾಡಿ, ಎಎನ್‌ಸಿ ಆನ್ ಮಾಡಿ, ಆಮೇಲೆ ನಿಮ್ಮದೇ ಹಾಡು ಹಾಕಿ. ಕೇಳಿ ಕೇಳಿ ಬಾಯಿಪಾಠವಾದ ಹಾಡೇ ಆಗಬೇಕು. ಅಂಗಡಿಯವರು ಹಾಕುವ ಡೆಮೊ ಹಾಡಿನಲ್ಲಿ ಎಲ್ಲ ಹೆಡ್‌ಫೋನೂ ಚೆನ್ನಾಗಿಯೇ ಕೇಳಿಸುತ್ತದೆ.

ಇನ್ನು ಏನನ್ನು ಕೇಳಬೇಕು? ಇಲ್ಲಿ ನೀವು ಅದೃಷ್ಟವಂತರು. ನೀವು ಕೇಳುವ ಸಂಗೀತ ಹೆಡ್‌ಫೋನ್ ಪರೀಕ್ಷೆಗೆ ಹೇಳಿ ಮಾಡಿಸಿದ ಹಾಗಿದೆ.

ಮೊದಲು ಡಗ್ಗಾ. ತಬಲಾ ನುಡಿಸುವವರು ಎಡಗೈಯ ಮಣಿಕಟ್ಟನ್ನು ಚರ್ಮದ ಮೇಲೆ ಒತ್ತಿ ಜಾರಿಸಿದಾಗ ಸ್ವರ ಕೆಳಗಿನಿಂದ ಮೇಲಕ್ಕೆ ಜಾರುತ್ತದೆ. ಆ ಜಾರಿಕೆ ನಿಮಗೆ ಒಂದು ಗೆರೆಯ ಹಾಗೆ ಕೇಳಿಸಬೇಕು. ಸುಮ್ನೆ ‘ದುಮ್’ ಅಂತ ಒಂದೇ ಉಂಡೆಯಾಗಿ ಬಂದರೆ ಆ ಹೆಡ್‌ಫೋನ್ ಬೇಸ್ ಜಾಸ್ತಿ ಮಾಡಿದೆ, ಚೆನ್ನಾಗಿ ಮಾಡಿಲ್ಲ. ಡೊಳ್ಳು ಕುಣಿತದ ರೆಕಾರ್ಡಿಂಗ್ ಸಿಕ್ಕರೆ ಇನ್ನೂ ಒಳ್ಳೆಯದು. ಏಟು ಬಿದ್ದ ಕೂಡಲೇ ಸದ್ದು ಏಳಬೇಕು, ಮುಂದಿನ ಏಟಿಗೆ ಮುಂಚೆ ಇಳಿಯಬೇಕು. ತಾಳದ ಸದ್ದು ಡೊಳ್ಳಿನ ಅಡಿಯಲ್ಲಿ ಹೂತುಹೋಗಬಾರದು.

ಆಮೇಲೆ ದನಿ. ಗಂಗೂಬಾಯಿ ಹಾನಗಲ್ ಅವರ ತೂಕದ ದನಿ ಹಾಕಿ ನೋಡಿ. ಎದೆಯಿಂದ ಏಳುವ ಆ ಗಡಸು, ಉಸಿರು ತಗೊಳ್ಳುವ ಸದ್ದು, ಹಿಂದಿನ ತಂಬೂರಿಯ ಝೇಂಕಾರ ಮೂರೂ ಬೇರೆಬೇರೆಯಾಗಿ ಕೇಳಿಸಬೇಕು. ಬೇಸ್ ಉಬ್ಬಿಸಿದ ಹೆಡ್‌ಫೋನ್‌ನಲ್ಲಿ ದನಿ ಡಬ್ಬಿಯೊಳಗಿಂದ ಬಂದ ಹಾಗಿರುತ್ತದೆ, ಹಾರ್ಮೋನಿಯಂ ದನಿಯ ಮೇಲೆ ಬಂದು ಕೂರುತ್ತದೆ. ನಿಮ್ಮಂಥವರಿಗೆ ಇದು ಎಲ್ಲಕ್ಕಿಂತ ದೊಡ್ಡ ಪರೀಕ್ಷೆ. ಇದರಲ್ಲಿ ಸೋತ ಹೆಡ್‌ಫೋನ್‌ಗೆ ಬೇರೆ ಎಷ್ಟೇ ಗುಣ ಇದ್ದರೂ ಬಿಟ್ಟುಬಿಡಿ.

ವಚನಗಳಲ್ಲಿ ಸ, ಶ ಅಕ್ಷರಗಳಿಗೆ ಬರವೇ ಇಲ್ಲ. ಶರಣ, ಶಿವ, ಸಂಗಮ. ಇವು ಟ್ರೆಬಲ್, ಅಂದರೆ ಮೇಲಿನ ಸ್ವರಗಳ, ಪರೀಕ್ಷೆಗೆ ಬಹಳ ಉಪಯೋಗ. ಸಕಾರ ಬಂದಾಗಲೆಲ್ಲ ಕಿವಿಗೆ ಸೂಜಿ ಚುಚ್ಚಿದ ಹಾಗಾದರೆ ಸುಮಾರು 5,000ದಿಂದ 8,000 ಹರ್ಟ್ಸ್ ಮಧ್ಯೆ ಹೆಡ್‌ಫೋನ್ ಏರಿಸಿದೆ. ಅದು ಅಂಗಡಿಯ ಐದು ನಿಮಿಷದಲ್ಲಿ ‘ಕ್ಲಿಯರ್’ ಅನ್ನಿಸುತ್ತದೆ, ಎರಡು ಗಂಟೆ ಕೇಳಿದ ಮೇಲೆ ತಲೆನೋವು ತರುತ್ತದೆ. ಹಾಗಂತ ಸ ಮತ್ತು ಶ ಎರಡೂ ಒಂದೇ ಥರ ಮಬ್ಬಾಗಿ ಕೇಳಿಸಿದರೆ ಅಲ್ಲಿ ಮೇಲಿನ ಸ್ವರಗಳೇ ಕಮ್ಮಿ.

ಹಳೆಯ ಸಿನಿಮಾ ಹಾಡುಗಳಲ್ಲಿ ಬಹಳಷ್ಟು ಮೊನೊ ರೆಕಾರ್ಡಿಂಗ್, ಅಂದರೆ ಎರಡೂ ಕಿವಿಗೆ ಒಂದೇ ಸದ್ದು. ಅದರಲ್ಲಿ ದನಿ ತಲೆಯ ಸರಿಯಾಗಿ ನಡುವೆ ಕೇಳಿಸಬೇಕು. ಒಂದು ಕಡೆಗೆ ವಾಲಿದರೆ ಹೆಡ್‌ಫೋನನ್ನು ತಿರುಗಿಸಿ ಎಡದ್ದು ಬಲಕ್ಕೆ ಹಾಕಿ ನೋಡಿ. ವಾಲಿಕೆಯೂ ತಿರುಗಿದರೆ ಆ ಪೀಸಿನಲ್ಲೇ ದೋಷ. ತಿರುಗದೆ ಅದೇ ಕಡೆ ಉಳಿದರೆ ಕುಶನ್ ಕೂರುವುದರಲ್ಲೋ ನಿಮ್ಮ ಕಿವಿಯಲ್ಲೋ ವ್ಯತ್ಯಾಸ ಇದೆ.

ಕೊನೆಗೆ ಹಾಡು ನಿಲ್ಲಿಸಿ, ಎಎನ್‌ಸಿ ಆನ್ ಇಟ್ಟು ಸುಮ್ಮನೆ ಕೂತು ಕೇಳಿ. ಮೆಲ್ಲಗೆ ‘ಸ್ಸ್’ ಅನ್ನುವ ಹಿಸ್ ಇರುತ್ತದೆ. ಬಸ್ಸಿನಲ್ಲಿ ಅದು ಗೊತ್ತಾಗುವುದಿಲ್ಲ, ರಾತ್ರಿ ಮನೆಯಲ್ಲಿ ಆಲಾಪ ಕೇಳುವಾಗ ಗೊತ್ತಾಗುತ್ತದೆ. ಕೆಲವರಿಗೆ ಕಿವಿ ಒತ್ತಿದ ಹಾಗೆ, ಘಾಟಿ ಹತ್ತುವಾಗ ಆಗುವ ಹಾಗೆ ಅನ್ನಿಸುತ್ತದೆ. ಕೆಲವು ದಿನದಲ್ಲಿ ರೂಢಿಯಾಗುವುದೂ ಉಂಟು, ಆಗದವರೂ ಇದ್ದಾರೆ. ತಗೊಳ್ಳುವ ಮುಂಚೆಯೇ ಹತ್ತು ಹದಿನೈದು ನಿಮಿಷ ಹಾಕಿಕೊಂಡು ಕೂರಿ.

ಈಗ ನಿಮ್ಮ ಗೆಳೆಯರ ಎಲ್‌ಡಿಎಸಿ. ಬ್ಲೂಟೂತ್‌ನಲ್ಲಿ ಹಾಡನ್ನು ಕುಗ್ಗಿಸಿ ಕಳಿಸಬೇಕಾಗುತ್ತದೆ. ಕುಗ್ಗಿಸುವ ವಿಧಾನಕ್ಕೆ ಕೋಡೆಕ್ ಅನ್ನುತ್ತಾರೆ. ಸಿ.ಡಿ.ಯಲ್ಲಿ ಸೆಕೆಂಡಿಗೆ 1,411 ಕಿಲೋಬಿಟ್ ಮಾಹಿತಿ ಇರುತ್ತದೆ. ಎಲ್ಲ ಹೆಡ್‌ಫೋನ್‌ಗಳಲ್ಲೂ ಇರುವ ಎಸ್‌ಬಿಸಿ ಸಾಮಾನ್ಯವಾಗಿ 328ರವರೆಗೆ ಕಳಿಸುತ್ತದೆ. ಎಎಸಿ ಸುಮಾರು 256. ಸೋನಿಯವರ ಎಲ್‌ಡಿಎಸಿ 330, 660 ಅಥವಾ 990. ಸಂಖ್ಯೆ ನೋಡಿದರೆ ಎಲ್‌ಡಿಎಸಿ ದೊಡ್ಡದು, ನಿಜ. ಆದರೆ ಜನಜಂಗುಳಿಯ ಬಸ್ ನಿಲ್ದಾಣದಲ್ಲಿ, ವೈಫೈ ತುಂಬಿದ ಜಾಗದಲ್ಲಿ ಸಿಗ್ನಲ್ ಸರಿಯಾಗಿ ಸಿಗದೆ ಅದು ತಾನಾಗಿಯೇ 330ಕ್ಕೆ ಇಳಿಯಬಹುದು. ನಿಮ್ಮದು ಐಫೋನ್ ಆದರೆ ಅದರಲ್ಲಿ ಎಲ್‌ಡಿಎಸಿ ಇಲ್ಲವೇ ಇಲ್ಲ. ಎಲ್ಲಕ್ಕಿಂತ ಮುಂಚೆ ಹಾಡಿನ ಆ್ಯಪ್ ತೆಗೆದು ನೋಡಿ. ಸ್ಪಾಟಿಫೈನಲ್ಲಿ ‘ನಾರ್ಮಲ್’ ಅಂತಿದ್ದರೆ ಬರುವುದೇ 96 ಕಿಲೋಬಿಟ್. ಪ್ರೀಮಿಯಂ ಚಂದಾ ಇದ್ದವರು ‘ವೆರಿ ಹೈ’ ಇಟ್ಟರೆ 320. ಬಾವಿಯಲ್ಲಿ ಇಲ್ಲದ ನೀರು ಪೈಪ್ ದೊಡ್ಡದು ಮಾಡಿದರೆ ಬರುವುದಿಲ್ಲ. ಚಂದಾ ಇದ್ದರೆ ಆ ಸೆಟ್ಟಿಂಗ್ ಬದಲಿಸುವುದಕ್ಕೆ ಬೇರೆ ಖರ್ಚಿಲ್ಲ, ವ್ಯತ್ಯಾಸ ಮಾತ್ರ ಕೋಡೆಕ್‌ಗಿಂತ ಜಾಸ್ತಿ.

ಹೆಡ್‌ಫೋನ್ ಯಾವ ಸ್ವರವನ್ನು ಎಷ್ಟು ಏರಿಸುತ್ತದೆ, ಎಷ್ಟು ಇಳಿಸುತ್ತದೆ ಅನ್ನುವುದೇ ಅದರ ಸ್ವಭಾವ. ಅದರ ಮುಂದೆ ಕೋಡೆಕ್ ಚಿಕ್ಕ ವಿಷಯ. ಎರಡರಲ್ಲಿ ಸ್ವಭಾವ ಇಷ್ಟವಾದದ್ದನ್ನು ಆರಿಸಿ. ಅದರಲ್ಲಿ ಎಲ್‌ಡಿಎಸಿಯೂ ಇದ್ದರೆ ಸಂತೋಷ.

ಮನೆಯಿಂದ ಕೆಲಸ ಮಾಡುವವರು ಅಂದಿರಿ. ಲ್ಯಾಪ್‌ಟಾಪ್‌ನಲ್ಲಿ ಮೀಟಿಂಗ್ ಶುರುವಾದ ಕೂಡಲೇ ಸೌಂಡ್ ಹಳೆಯ ಟೆಲಿಫೋನಿನ ಥರ ಆದರೆ ಗಾಬರಿಯಾಗಬೇಡಿ. ಹೆಡ್‌ಫೋನ್‌ನ ಮೈಕ್ ಬಳಸುವಾಗ ಬ್ಲೂಟೂತ್ ಕಾಲ್ ಮೋಡಿಗೆ ಹೋಗುತ್ತದೆ. ಅಲ್ಲಿ ಸಾಮಾನ್ಯವಾಗಿ 4,000 ಅಥವಾ 8,000 ಹರ್ಟ್ಸ್‌ಗಿಂತ ಮೇಲಿನದ್ದು ಬರುವುದೇ ಇಲ್ಲ. ಮೀಟಿಂಗ್ ಆ್ಯಪ್‌ನಲ್ಲಿ ಮೈಕ್ ಜಾಗಕ್ಕೆ ಲ್ಯಾಪ್‌ಟಾಪ್‌ನ ಮೈಕ್ ಆರಿಸಿದರೆ ಕೇಳುವ ಸೌಂಡ್ ಸರಿಹೋಗುತ್ತದೆ.

ಡಬ್ಬದ ಮೇಲಿನ ಬರಹದಲ್ಲಿ ಒಂದನ್ನು ಮಾತ್ರ ಗಮನವಿಟ್ಟು ಓದಿ. ಇಎನ್‌ಸಿ ಅಂತ ಬರೆದಿದ್ದರೆ ಅದು ಎಎನ್‌ಸಿ ಅಲ್ಲ. ಇಎನ್‌ಸಿ ಕೆಲಸ ಮಾಡುವುದು ನಿಮ್ಮ ಮೈಕ್‌ನಲ್ಲಿ. ಫೋನಿನ ಆ ಕಡೆಯವರಿಗೆ ನಿಮ್ಮ ಸುತ್ತಲಿನ ಗದ್ದಲ ಕಡಿಮೆ ಕೇಳಿಸುತ್ತದೆ, ನಿಮಗಲ್ಲ. ಕಡಿಮೆ ಬೆಲೆಯ ಮಾಡೆಲ್‌ಗಳಲ್ಲಿ ಈ ಅಕ್ಷರಗಳನ್ನು ದೊಡ್ಡದಾಗಿ ಹಾಕಿ ಜನರನ್ನು ದಾರಿ ತಪ್ಪಿಸುವುದನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ. ಉಳಿದ ಸಂಖ್ಯೆಗಳಿಗೆ ಮರುಳಾಗಬೇಡಿ. ‘45 ಡೆಸಿಬಲ್ ಎಎನ್‌ಸಿ’ ಅನ್ನುವುದು ಸಾಮಾನ್ಯವಾಗಿ ಯಾವುದೋ ಒಂದು ಸ್ವರದಲ್ಲಿ ಸಿಕ್ಕ ಗರಿಷ್ಠ ಅಳತೆ. ಡ್ರೈವರ್ ಅಂದರೆ ಒಳಗಿನ ಸ್ಪೀಕರ್. ಅದು ದೊಡ್ಡದಿದ್ದರೆ ಸೌಂಡ್ ಚೆನ್ನಾಗಿರುತ್ತದೆ ಅನ್ನುವುದಕ್ಕೂ ಆಧಾರವಿಲ್ಲ. ಸೋನಿಯ ಎಕ್ಸ್‌ಎಂ4 ಮಾಡೆಲ್‌ನಲ್ಲಿ 40 ಮಿಲಿಮೀಟರ್ ಡ್ರೈವರ್ ಇತ್ತು, 2022ರಲ್ಲಿ ಬಂದ ಎಕ್ಸ್‌ಎಂ5ರಲ್ಲಿ 30 ಮಿಲಿಮೀಟರ್. ಅಷ್ಟರಿಂದ ಹೊಸದು ಕೆಳದರ್ಜೆಯದು ಆಗಲಿಲ್ಲ.

ಚಿತ್ರದುರ್ಗದ ಕಡೆ ಓಡಾಟ ಇದ್ದರೆ ಗಾಳಿಯ ಬಗ್ಗೆ ಒಂದು ಮಾತು. ಜೋಗಿಮಟ್ಟಿಯಲ್ಲಿ ಗಾಳಿಯಂತ್ರಗಳನ್ನು ಸುಮ್ಮನೆ ನೆಟ್ಟಿಲ್ಲ. ಅಂಥ ಗಾಳಿ ಹೊರಗಿನ ಮೈಕ್‌ಗೆ ನೇರ ಬಡಿದರೆ ಎಎನ್‌ಸಿ ಅದನ್ನೂ ಗದ್ದಲ ಅಂದುಕೊಂಡು ಕಿವಿಯೊಳಗೆ ಬರಬರ ಸದ್ದು ಮಾಡುತ್ತದೆ. ಗಾಳಿಗೆ ಬೇರೆ ಮೋಡ್ ಇರುವ ಮಾಡೆಲ್ ಆದರೆ ಅದನ್ನು ಆನ್ ಮಾಡಿ, ಇಲ್ಲದಿದ್ದರೆ ಅಷ್ಟು ಹೊತ್ತು ಎಎನ್‌ಸಿ ಆಫ್ ಮಾಡಿ.

ಇನ್ನು ನೀವು ಕೇಳಿದ ಆ ಎರಡು ಹೆಡ್‌ಫೋನ್. ಬೇಸ್ ಜೋರಿರುವುದನ್ನು ಈಗಲೇ ಬಿಡಿ ಅಂತ ನಾನು ಹೇಳುವುದಿಲ್ಲ. ಆಡಿಯೊ ಸಾಮಾನು ಮಾಡುವ ಹಾರ್ಮನ್ ಕಂಪನಿಯಲ್ಲಿ ಶಾನ್ ಓಲಿವ್ ಮತ್ತು ಜೊತೆಯವರು 2010ರ ದಶಕದಲ್ಲಿ ಬಹಳ ಜನರನ್ನು ಕೂರಿಸಿ ಕೇಳಿಸಿದಾಗ ಹೆಚ್ಚಿನವರಿಗೆ ಸ್ವಲ್ಪ ಬೇಸ್ ಏರಿಸಿದ ಸೌಂಡೇ ಇಷ್ಟವಾಗಿತ್ತು. ಪ್ರಶ್ನೆ ಎಷ್ಟು ಏರಿಸಿದ್ದಾರೆ, ಅದು ದನಿಯ ಮೇಲೆ ಹರಿಯುತ್ತದೆಯೇ ಅನ್ನುವುದು. ಆ್ಯಪ್‌ನ ಇಕ್ವಲೈಜರ್‌ನಲ್ಲಿ ಬೇಸನ್ನು ಒಂದೆರಡು ಹಂತ ಇಳಿಸಿ ದನಿ ಬಿಡಿಸಿಕೊಂಡು ಬಂದರೆ ಆ ಹೆಡ್‌ಫೋನ್ ನಿಮಗೆ ಆಗುತ್ತದೆ. ಇರುವುದನ್ನು ಇಳಿಸುವುದು ಸುಲಭ, ಇಲ್ಲದ್ದನ್ನು ಏರಿಸುವುದು ಕಷ್ಟ. ಇಳಿಸಿದ ಮೇಲೂ ದನಿ ಮಬ್ಬಾಗಿದ್ದರೆ ಎರಡನೆಯದನ್ನೇ ತಗೊಳ್ಳಿ, ಕನ್ನಡಕದ ಪರೀಕ್ಷೆಯಲ್ಲಿ ಅದು ಪಾಸಾದರೆ ಮಾತ್ರ.

ಆನ್‌ಲೈನ್‌ನಲ್ಲಿ ತರಿಸುವುದಾದರೆ ವಾಪಸ್ ತಗೊಳ್ಳುತ್ತಾರೋ, ಬರೀ ಬದಲಿ ಕೊಡುತ್ತಾರೋ ಮೊದಲೇ ಓದಿಕೊಳ್ಳಿ. ಸೌಂಡ್ ಇಷ್ಟವಾಗಲಿಲ್ಲ ಅಂದರೆ ಬದಲಿ ಪೀಸಿನಿಂದ ಏನೂ ಆಗುವುದಿಲ್ಲ. ಆ ಮಾಡೆಲ್‌ಗೆ ಕುಶನ್ ಬಿಡಿಯಾಗಿ ಸಿಗುತ್ತದೆಯೇ ಅಂತಲೂ ವಿಚಾರಿಸಿ. ನಮ್ಮ ಕಡೆಯ ಬೇಸಿಗೆಯ ಬೆವರಿಗೆ ಕುಶನ್ನಿನ ಮೇಲುಹೊದಿಕೆ ಸುಲಿದು ಬರುತ್ತದೆ, ಒಳಗಿನ ಸ್ಪಂಜ್ ಚಪ್ಪಟೆಯಾಗುತ್ತದೆ. ಆಗ ಬೇಸೂ ಎಎನ್‌ಸಿಯೂ ಒಟ್ಟಿಗೇ ಕೆಡುತ್ತವೆ. ಬಹಳ ಜನ ಹೆಡ್‌ಫೋನೇ ಹಾಳಾಯಿತು ಅಂತ ಹೊಸದು ತಗೊಳ್ಳುತ್ತಾರೆ. ಒಂದು ಜೊತೆ ಕುಶನ್ ಹಾಕಿಸಿದರೆ ಸಾಕಾಗಿರುತ್ತದೆ.